ಆರಲ್ಲ, ಒಂಬತ್ತು

ಜೂನ್ 3

ಅಪ್ಪಾ,

ಲ್ಯಾಬಿಗೆ ಬಂದು ಸೇರಿದೆ. ಫೋನ್ ಮಾಡಿದರೆ ನಿನಗೆ ಕೇಳಿಸಲ್ಲ. ಕೇಳಿಸದಿದ್ದರೂ ‘ಹೂಂ ಹೂಂ’ ಅಂತೀಯ, ಆಮೇಲೆ ಅತ್ತೆ ಹತ್ತಿರ ಹೋಗಿ ‘ಏನೋ ಅಂದಳಪ್ಪ, ಗೊತ್ತಾಗಲಿಲ್ಲ’ ಅಂತೀಯ. ಮೂವತ್ತು ವರ್ಷ ಇಲ್ಲಿನ ವರ್ಕ್‌ಶಾಪಲ್ಲೇ ಬರ್ನರ್ ಮುಂದೆ ಕೂತು ಗಾಜು ಊದಿದವನ ಕಿವಿ ಇನ್ನೇನಾದೀತು! ಅದಕ್ಕೇ ಪತ್ರ.

ನನಗೆ ಕೊಟ್ಟಿರೋ ಜಾಗ ಯಾವುದು ಹೇಳು ನೋಡೋಣ. ಅಮ್ಮನ ಮೇಜು! ನಾನೇನೂ ಕೇಳಲಿಲ್ಲ, ಅವರಾಗೇ ಕೊಟ್ಟರು. ಅವಳು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅಲ್ಲಿ ಯಾರೂ ನಿಂತಿಲ್ಲವಂತೆ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ ಅಂತ. ಮೇಜಿನ ಅಂಚಲ್ಲಿ ಅವಳ ಮೊಣಕೈ ಸವೆಸಿದ ಗುರುತು ಹಾಗೇ ಇದೆ. ನನ್ನ ಮೊಣಕೈಯೂ ಅದರಲ್ಲಿ ಸರಿಯಾಗಿ ಕೂರುತ್ತೆ.

ಕೆಲಸವೂ ಅವಳು ಅರ್ಧಕ್ಕೆ ಬಿಟ್ಟಿದ್ದೇ. ಎಣ್ಣೆಯೊಳಗೆ ಸಣ್ಣ ಸಣ್ಣ ನೀರಹನಿ ಮಾಡಿ, ಹನಿಯೊಳಗೆ ಔಷಧಿ ಬಚ್ಚಿಡೋದು. ಎಣ್ಣೆಗೂ ನೀರಿಗೂ ನಡುವೆ ಸೋಪಿನ ಕಣಗಳು ಸಾಲಾಗಿ ನಿಂತು ಒಂದು ಪೊರೆ ಆಗುತ್ತೆ. ಬರೀ ಸೋಪಿದ್ದರೆ ಪೊರೆ ಬಿಗಿ, ಬಾಗು ಅಂದರೆ ಬಾಗಲ್ಲ. ಟ್ಯೂಬೆಲ್ಲ ಮಬ್ಬು. ಆಗ ಹನಿ ಹನಿಯಾಗಿ ಆಲ್ಕೋಹಾಲ್ ಬಿಡಬೇಕು. (ಕುಡಿಯೋದಲ್ಲ, ಮುಖ ಅರಳಿಸಬೇಡ. ಅದರ ಅಣ್ಣತಮ್ಮಂದಿರು.) ಅದು ತುಂಬಿದ ಬಸ್ಸಲ್ಲಿ ಭುಜ ತೂರಿಸಿ ಜಾಗ ಮಾಡಿಕೊಳ್ಳೋರ ಹಾಗೆ ಸೋಪಿನ ಸಾಲಲ್ಲಿ ನುಗ್ಗಿ ನಿಲ್ಲುತ್ತೆ. ಸಾಲು ಸಡಿಲವಾಗುತ್ತೆ, ಪೊರೆ ಬಾಗುತ್ತೆ, ಹನಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತೆ. ಇದ್ದಕ್ಕಿದ್ದ ಹಾಗೆ ಟ್ಯೂಬು ತಿಳಿಯಾಗಿಬಿಡುತ್ತೆ. ನೋಡೋರಿಗೆ ಒಂದೇ ನೀರು. ಒಳಗೆ ಕೋಟಿ ಹನಿ, ಒಂದೊಂದಕ್ಕೂ ಅದರದ್ದೇ ಗೋಡೆ.

ಬೀರುವಿನ ಹಿಂದಿನ ಸಾಲಲ್ಲಿ ಅವಳ ಟ್ಯೂಬುಗಳು ಸಿಕ್ಕವು, ಇಪ್ಪತ್ನಾಲ್ಕು. ಇವತ್ತಿಗೂ ತಿಳಿಯಾಗೇ ಇವೆ. ಟ್ಯೂಬಿನ ಬಾಯಿ ಕರಗಿಸಿ ಮುಚ್ಚಿದ ಕೈ ನಿನ್ನದೇ ಅಂತ ನೋಡಿದ ಕೂಡಲೇ ಗೊತ್ತಾಯಿತು. ತುದಿಯ ಗಾಜನ್ನ ಎಡಕ್ಕೆ ತಿರುಚಿ ಬಿಡೋನು ನೀನೊಬ್ಬನೇ ತಾನೆ?

ಮಂಡಿ ಆಪರೇಷನ್ ಆದವರು ಮೆಟ್ಟಿಲು ಹತ್ತಬಾರದು. ಹತ್ತಿದೆ ಅಂತ ಅತ್ತೆ ಆಗಲೇ ವರದಿ ಒಪ್ಪಿಸಿದ್ದಾಳೆ.

ನಿನ್ನ,
ಸಿಡುಕಿ


ಜೂನ್ 11

ಸಿಡುಕಿ,

ನನ್ನ ತಂಗಿಗೆ, ಅದೇ ನಿನ್ನ ಅತ್ತೆಗೆ, ಬೇರೆ ಕೆಲಸ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದೆ, ಅದಕ್ಕೆ ಊರೆಲ್ಲ ಡಂಗುರ. ಡಾಕ್ಟರು ಮೂರು ತಿಂಗಳು ಪ್ರಯಾಣ ಬೇಡ ಅಂದಿದ್ದಾರೆ, ಇಲ್ಲದಿದ್ದರೆ ನಿನ್ನ ಜೊತೆಗೇ ರೈಲು ಹತ್ತುತ್ತಿದ್ದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಸರಿ, ಅಂದುಕೊಳ್ಳಲಿ. ಆದರೆ ಅದೇ ಮೇಜು, ಅದೇ ಕೆಲಸ ಅಂದಾಗ ನಿನ್ನ ಪತ್ರ ಮಡಚಿಟ್ಟು, ಮತ್ತೆ ತೆಗೆದು ಓದಿದೆ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗೂ ದಿನಾ ಜಗಳ. ನಾನು ‘ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ’ ಅಂದರೆ ನಿಮ್ಮಮ್ಮ ನಗೋಳು. ‘ರೀ, ಗಾದೆ ಮಾಡಿದೋರಿಗೆ ರಸಾಯನ ಗೊತ್ತಿರಲಿಲ್ಲ. ಎಣ್ಣೆಗೂ ನೀರಿಗೂ ಮಾತು ಬೆಳೆಸೋದೇ ಸೀಗೆಕಾಯಿ’ ಅನ್ನೋಳು. ವಾದದಲ್ಲಿ ಅವಳನ್ನ ಗೆದ್ದವರಿಲ್ಲ.

ಕೆಲಸ ಮಾಡು, ಬೇಡ ಅನ್ನಲ್ಲ. ಟ್ಯೂಬುಗಳನ್ನ ನೋಡು, ಮುಟ್ಟಬೇಡ. ಅದರಲ್ಲೂ ಇಪ್ಪತ್ನಾಲ್ಕನೇದನ್ನ ಒಡೆಯಬೇಡ. ಯಾಕೆ ಅಂತ ಕೇಳಬೇಡ. ಅಪ್ಪ ಹೇಳಿದ್ದು ಅಂತ ಒಂದು ಸಲ ಕೇಳು.

ನಿನ್ನ ಅಪ್ಪ


ಜೂನ್ 24

ಅಪ್ಪಾ,

ಬೈಬೇಡ. ಮೊದಲು ಪೂರ್ತಿ ಓದು, ಆಮೇಲೆ ಬೈ.

ಅಮ್ಮನ ನೋಟ್‌ಬುಕ್ ಸಿಕ್ಕಿತು, ಡ್ರಾಯರಿನ ಹಿಂದೆ ಬಿದ್ದಿತ್ತು. ಲೆಕ್ಕವೆಲ್ಲ ಕನ್ನಡ ಅಂಕಿಯಲ್ಲಿ! ಯಾರೂ ಕದಿಯಬಾರದು ಅಂತಲೋ ಏನೋ. ಆ ಅಂಕಿಗಳನ್ನ ಮೂರನೇ ಕ್ಲಾಸಲ್ಲಿ ಕಲಿತು ನಾಲ್ಕನೇ ಕ್ಲಾಸಲ್ಲಿ ಮರೆತವಳು ನಾನು. ಹೇಗೋ ಕೂತು ಬಿಡಿಸಿದೆ. ಆಲ್ಕೋಹಾಲುಗಳಿಗೆ ಅವಳು ಹೆಸರು ಬರೆಯಲ್ಲ, ಸರಪಳಿಯಲ್ಲಿ ಎಷ್ಟು ಕೊಂಡಿ ಇದೆಯೋ ಆ ಅಂಕಿ ಅಷ್ಟೇ. ಒಂದು ಪುಟದಲ್ಲಿ ಎರಡು ಗೆರೆ ಎಳೆದು ಬರೆದಿದ್ದಾಳೆ: ‘೬ ಮಾತ್ರ. ಬೇರೆ ಯಾವುದೂ ಬೇಡ.’

ಸರಿ, ಆರು ಕೊಂಡಿಯದ್ದನ್ನೇ ಹಾಕಿ ಹೊಸದಾಗಿ ಮಾಡಿದೆ. ಆಗ ತಾನೇ ಕುಯ್ದ ಹುಲ್ಲಿನ ವಾಸನೆ ಅದಕ್ಕೆ. ಚೆನ್ನಾಗೇ ತಿಳಿಯಾಯಿತು. ಅವಳದ್ದರ ಜೊತೆ ಹೋಲಿಸಿ ನೋಡಲೇಬೇಕಲ್ಲ? ಪಟ್ಟಿಯಲ್ಲಿ ಇಪ್ಪತ್ನಾಲ್ಕನೇದೇ ಕೊನೇದು, ಅದೇ ಬೇಕು. ಅರ ಹಾಕಿ ಗೆರೆ ಕೊಯ್ದು ತುದಿ ಮುರಿದೆ. ಗಾಜು ಮುರಿದ ಸದ್ದು ಬರಲಿಲ್ಲ ಅಪ್ಪಾ. ಯಾರೋ ತುಂಬಾ ಹೊತ್ತು ಹಿಡಿದುಕೊಂಡಿದ್ದ ಉಸಿರು ಬಿಟ್ಟ ಹಾಗಾಯಿತು.

ನನ್ನದಕ್ಕೆ ನೀಲಿ ಬಣ್ಣ ಹಾಕಿದ್ದೆ. ಅವಳದ್ದಕ್ಕೆ ಬಣ್ಣ ಇಲ್ಲ. ಎರಡೂ ಸೇರಿಸಿದೆ. ಹನಿಯ ಗೋಡೆ ಗಟ್ಟಿ ಇದ್ದರೆ ನೀಲಿ ನನ್ನ ಹನಿಯೊಳಗೇ ಉಳಿಯಬೇಕು, ನಿಧಾನಕ್ಕೆ ಆಚೆ ಬರಬೇಕು. ಕಣ್ಣು ಮಿಟುಕಿಸೋದರೊಳಗೆ ಎಲ್ಲ ಹನಿಗೂ ಹರಡಿಬಿಟ್ಟಿತು. ಪೊರೆ ಅಷ್ಟು ಮೆತ್ತಗಾಗಿದೆ ಅಂತ ಅರ್ಥ. ಹನಿಗೆ ಹನಿ ತಗುಲಿದ ತಕ್ಷಣ ಎರಡೂ ಗೋಡೆ ಬಾಯಿ ಬಿಡುತ್ತೆ, ಒಳಗಿನದು ಅದಲುಬದಲಾಗುತ್ತೆ, ಮತ್ತೆ ಮುಚ್ಚಿಕೊಳ್ಳುತ್ತೆ. ಹೊರಗಿಂದ ನೋಡಿದರೆ ಏನೂ ಆಗೇ ಇಲ್ಲ.

ಕೈಗವಸು ಹರಿದಿತ್ತು, ಹೆಬ್ಬೆರಳಿಗೆ ಒಂದಿಷ್ಟು ತಾಗಿತು. ತೊಳೆದುಕೊಂಡೆ. ಗಾಬರಿಯಾಗಬೇಡ, ವಿಷವಲ್ಲ. ಒಂದೇ ತಮಾಷೆ ಅಂದರೆ, ಆವತ್ತಿನಿಂದ ಬಾಯಲ್ಲಿ ಲವಂಗದ ರುಚಿ. ನಾನು ಲವಂಗ ತಿನ್ನೋದೇ ಇಲ್ಲ.

ಈಗ ಬೈ.

ಸಿಡುಕಿ


ಜುಲೈ 1

ಮಗಳೇ,

ಬೈಯೋದು ಆಮೇಲೆ. ಮೊದಲು ಇದನ್ನ ಓದು.

ತೀರಿಕೊಳ್ಳೋ ವಾರದಲ್ಲಿ ನಿಮ್ಮಮ್ಮನಿಗೆ ವಿಪರೀತ ಹಲ್ಲುನೋವು. ದಿನಾ ಬೆಳಿಗ್ಗೆ ದವಡೆಯಲ್ಲಿ ಲವಂಗ ಒತ್ತಿಕೊಂಡು ಕೆಲಸಕ್ಕೆ ಹೋಗೋಳು. ಆಗ ನೀನು ಸ್ಕೂಲ್ ಹಾಸ್ಟೆಲಲ್ಲಿದ್ದೆ. ನಿನಗೆ ಇದನ್ನ ನಾನೂ ಹೇಳಿಲ್ಲ, ಯಾರೂ ಹೇಳಿಲ್ಲ.

ಒಂದು ವಾರ ರಜೆ ಹಾಕಿ ಇಲ್ಲಿಗೆ ಬಾ. ಆ ಮೇಜಿನ ಹತ್ತಿರ ಹೋಗಬೇಡ. ನನ್ನಾಣೆ.

ಅಪ್ಪ


ಜುಲೈ ೧೨

ಅಪ್ಪಾ,

ನೀನು ಸುಮ್ಮನೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ತೀಯ. ನಾನು ಚೆನ್ನಾಗಿದ್ದೀನಿ. ಇಷ್ಟು ಚೆನ್ನಾಗಿ ಯಾವತ್ತೂ ಕೆಲಸ ಮಾಡಿಲ್ಲ. ಯಾವ ಬಾಟಲಿ ಎಲ್ಲಿದೆ ಅಂತ ಕೈಗೇ ಗೊತ್ತು. ನಿನ್ನೆ ಕೈ ಚಾಚಿದೆ, ಅಲ್ಲಿ ಕಪಾಟು ಇರಲಿಲ್ಲ. ಬರೀ ಗೋಡೆ. ಅಟೆಂಡರ್ ಅಜ್ಜ ನೋಡ್ತಾ ನಿಂತಿದ್ದರು. ‘ಆ ಕಪಾಟನ್ನ ತೆಗೆಸಿ ಎಷ್ಟೋ ವರ್ಷ ಆಯಿತು ಮೇಡಂ’ ಅಂದು, ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟರು. ಪಾಪ, ಬೆವರುತ್ತಿದ್ದರು.

ಸಾಯಂಕಾಲ ಬಸ್ಸಿಗೆ ಅಂತ ಹಿಂದಿನ ಗೇಟಲ್ಲಿ ನಿಂತಿದ್ದೆ, ಮುಕ್ಕಾಲು ಗಂಟೆ. ಹಣ್ಣಿನವಳು ಬಂದು ಹೇಳಿದಳು, ಈ ರಸ್ತೆಗೆ ಬಸ್ ನಿಂತು ಎಂಟು ವರ್ಷ ಆಯಿತಂತೆ. ನನಗೆ ನಗು ಬಂತು. ಮತ್ತೆ ನಾನು ಯಾವ ಬಸ್ಸಲ್ಲಿ ದಿನಾ ಮನೆಗೆ ಹೋಗ್ತಿದ್ದೆ?

ಇನ್ನೊಂದು ಕೇಳಿ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಕಾಲು ತಾನಾಗೇ ಗಾಜಿನ ವರ್ಕ್‌ಶಾಪಿಗೆ ನಡೆಯಿತು. ಅಲ್ಲಿ ಈಗ ಯಾರೋ ಹೊಸ ಹುಡುಗರು. ಬಾಗಿಲಲ್ಲಿ ನಿಂತು ‘ನಮ್ಮವರು ಇಲ್ವಾ?’ ಅಂತ ಕೇಳಿದೆ. ‘ನಿಮ್ಮವರಾ? ಯಾರು ಮೇಡಂ?’ ಅಂದರು. ಎಷ್ಟು ನಾಚಿಕೆಯಾಯಿತು ಅಂದರೆ!

ನಿಮ್ಮ ಮಂಡಿ ಹೇಗಿದೆ? ಶಾಖ ಕೊಡ್ತಿದ್ದೀರಾ? ನೀವು ಹೇಳಿದ್ದನ್ನ ಕೇಳೋ ಜಾತಿಯಲ್ಲ, ನನಗೆ ಗೊತ್ತು. ಶರಟಿನ ತೋಳು ಮಡಚಿ ಬರ್ನರ್ ಮುಂದೆ ಕೂರಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ.

ಸಿಡುಕಿ


ಜುಲೈ 19

ಮಗಳೇ,

ಪತ್ರ ಓದಿ ಜೀವ ಬಾಯಿಗೆ ಬಂತು. ಅತ್ತೆಗೆ ತೋರಿಸಲಿಲ್ಲ.

ನೀನು ಮಾತು ಕಲಿತಾಗಿನಿಂದ ನನ್ನನ್ನ ‘ನೀನು’ ಅಂತಲೇ ಕರೆದಿದ್ದೀಯ. ಈ ಪತ್ರ ‘ನೀನು’ ಅಂತ ಶುರುವಾಗಿ ‘ನೀವು’ ಅಂತ ಮುಗಿಯುತ್ತೆ. ತಾರೀಖು ಕನ್ನಡ ಅಂಕಿಯಲ್ಲಿದೆ. ಮರೆತುಹೋಗಿದೆ ಅಂದಿದ್ದೆಯಲ್ಲ, ಇಷ್ಟು ದುಂಡಗೆ ಬರೆಯೋಕೆ ಯಾರು ಹೇಳಿಕೊಟ್ಟರು? ಇನ್ನು ಶರಟಿನ ತೋಳು, ಅದನ್ನ ಹೇಳ್ತಿದ್ದದ್ದು ನಿಮ್ಮಮ್ಮ. ನನ್ನ ಮುಂಗೈ ಸುಟ್ಟಿದ್ದು ನೀನು ಹುಟ್ಟೋಕೆ ಎರಡು ವರ್ಷ ಮುಂಚೆ.

ಮುಚ್ಚಿಟ್ಟಿದ್ದನ್ನ ಹೇಳ್ತೀನಿ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕೊನೇ ನಾಲ್ಕು ದಿನ ನಾನು ನಿಮ್ಮಮ್ಮನ ಹತ್ತಿರ ಮಾತು ಬಿಟ್ಟಿದ್ದೆ. ಜಗಳ ಏನು ಅಂದರೆ ನಗ್ತೀಯ. ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಹೋಗು ಅಂದೆ, ಈ ಟ್ಯೂಬು ಮುಗಿಸಿ ಹೋಗ್ತೀನಿ ಅಂದಳು. ‘ಎಣ್ಣೆ ನೀರು ಆಟ ಆಡ್ಕೊಂಡಿರು’ ಅಂತ ಎದ್ದು ಹೋದೆ. ನಾಲ್ಕನೇ ದಿನ ಆ ಮೇಜಿನ ಮುಂದೆಯೇ ಅವಳ ಎದೆಬಡಿತ ನಿಂತಿತು. ಅವಳ ಕಾಲದೋರು ದ್ರವವನ್ನ ಬಾಯಲ್ಲೇ ನಳಿಗೆಗೆ ಎಳೆದು ಟ್ಯೂಬಿಗೆ ಬಿಡ್ತಿದ್ದರು. ನಳಿಗೆ ತುಟಿಯಲ್ಲೇ ಇತ್ತಂತೆ. ಅದರಲ್ಲಿದ್ದದ್ದು ಇಪ್ಪತ್ನಾಲ್ಕನೇ ಟ್ಯೂಬಿಗೆ ಇಳಿದಿತ್ತು.

ಅವಳನ್ನ ಒಯ್ದ ಮೇಲೆ ನಾನು ಆ ಟ್ಯೂಬು ಎತ್ತಿಕೊಂಡೆ. ಅವಳ ಕೊನೇ ಉಸಿರು ಅದರಲ್ಲಿದೆ, ಹಾರಿಹೋಗುತ್ತೆ ಅನ್ನಿಸಿತು. ಜ್ವಾಲೆ ಹಿಡಿದು ಮುಚ್ಚಿಬಿಟ್ಟೆ. ಹುಚ್ಚು ಅನ್ನು, ಏನಾದರೂ ಅನ್ನು. ನಾಲ್ಕು ದಿನ ಮಾತಾಡದ ಗಂಡ ಅದನ್ನಲ್ಲದೆ ಇನ್ನೇನು ಮಾಡಬಹುದಿತ್ತು?

ಈಗ ಒಂದು ಕೆಲಸ ಮಾಡು. ನೋಟ್‌ಬುಕ್ಕಿನ ಆ ಸಾಲನ್ನ ಇದ್ದ ಹಾಗೇ ಬಿಡಿಸಿ ಕಳಿಸು. ಅಂಕಿಯ ಬಾಲ ಹೊರಗೆ ಚಾಚಿದೆಯಾ, ಒಳಗೆ ಸುತ್ತಿಕೊಂಡಿದೆಯಾ ನೋಡು. ಅವಳ ಬಾಯಲ್ಲಿ ಊಟದ ಹೊತ್ತಲ್ಲಿ ಕೇಳಿದ್ದು ನೆನಪಿದೆ: ಸರಪಳಿ ಗಿಡ್ಡ ಇದ್ದರೆ ಪೊರೆ ಮೆತ್ತಗೆ, ಉದ್ದ ಇದ್ದರೆ ಗಟ್ಟಿ. ಒಳಗಿನದು ಒಳಗೇ ಇರಬೇಕು ಅಂತ ಹಗಲೂ ರಾತ್ರಿ ಒದ್ದಾಡಿದವಳು ಮೆತ್ತಗಿರೋದನ್ನ ಯಾಕೆ ಆರಿಸ್ತಾಳೆ? ಅದು ಆರಲ್ಲ ಕಣೇ, ಒಂಬತ್ತು ಇರಬೇಕು. ಎರಡೂ ನೋಡೋಕೆ ಅವಳಿಜವಳಿ.

ಅಪ್ಪ


ಜುಲೈ ೨೮

ರೀ,

ಒಂಬತ್ತೇ. ನನ್ನ ಅಕ್ಷರ ನನಗೆ ಗೊತ್ತಿಲ್ವಾ? ‘೯ ಮಾತ್ರ. ಬೇರೆ ಯಾವುದೂ ಬೇಡ.’ ಮಗು ಆರು ಅಂತ ಓದಿಕೊಂಡಿತು. ಅವಳಿಗೆ ಅಂಕಿ ಕಲಿಸೋ ಹೊತ್ತಲ್ಲಿ ನಾನು ಇಲ್ಲಿ ಟ್ಯೂಬು ಕುಲುಕುತ್ತಾ ನಿಂತಿದ್ದೆ, ಅವಳನ್ನ ಏನಂತ ಬೈಯಲಿ?

ಹೆದರಬೇಡಿ. ಅವಳಿಗೆ ಏನೂ ನೋವಿಲ್ಲ. ಒಳಗೆ ಮಲಗಿದ್ದಾಳೆ. ಮೊದಮೊದಲು ಆಗಾಗ ಏಳ್ತಿದ್ದಳು, ನಿಮಗೆ ಪತ್ರ ಬರೀತಿದ್ದಳು. ಈಗ ಹೆಚ್ಚು ಹೊತ್ತು ನಿದ್ದೆಯೇ. ಬೆಳಿಗ್ಗೆ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ನೋಡ್ತೀನಿ, ಎಷ್ಟು ಉದ್ದ ಆಗಿದ್ದಾಳೆ ರೀ! ನಿಮ್ಮ ಮೂಗೇ ಬಂದಿದೆ, ಪಾಪ.

ಬಿಸಿಲು ಕಂಡೆ. ಕಿಟಕಿ ಹತ್ತಿರ ನಿಂತು ಒಂದು ಲೋಟ ನೀರು ಕುಡಿದೆ. ಅದರ ಬಗ್ಗೆ ಏನು ಹೇಳಬೇಕೋ ತಿಳೀತಿಲ್ಲ.

ನೇರ ಹೇಳಿಬಿಡ್ತೀನಿ, ಸುತ್ತಿ ಬಳಸಿ ಮಾತಾಡಿ ನನಗೆ ಅಭ್ಯಾಸ ಇಲ್ಲ. ನೀಲಿ ಮಾಡಿದ್ದ ಆ ಟ್ಯೂಬು ಇನ್ನೂ ಮೇಜಿನ ಮೇಲಿದೆ. ಅದಕ್ಕೆ ಒಂಬತ್ತರದ್ದು ಹಾಕಿದರೆ ಪೊರೆ ಗಟ್ಟಿಯಾಗುತ್ತೆ, ಅವಳ ಕಡೆ ಅವಳು, ನನ್ನ ಕಡೆ ನಾನು. ಆದರೆ ಗೋಡೆ ಮುಚ್ಚೋವಾಗ ಎಲ್ಲಾ ಮೊದಲಿನ ಹಾಗೇ ವಾಪಸ್ ಬರಲ್ಲ ರೀ. ಒಂದಿಷ್ಟು ಆ ಕಡೆ ಉಳಿದುಹೋಗುತ್ತೆ. ಅಮ್ಮನ ನೆನಪು ಅಂತ ಅವಳಲ್ಲಿ ಏನೇನಿದೆಯೋ ಅದೆಲ್ಲ ನನಗೇ ಅಂಟಿಕೊಂಡಿದೆ, ನನ್ನ ಜೊತೆಯೇ ಬಂದುಬಿಡುತ್ತೆ. ಹಾಕದೇ ಬಿಟ್ಟರೆ, ಹೋಗ್ತಾ ಹೋಗ್ತಾ ಅವಳು ಏಳೋದೇ ನಿಲ್ಲುತ್ತೆ.

ನಾನಾಗಿ ಹಾಕೋಕೆ ಕೈ ಬರ್ತಿಲ್ಲ. ನೀವು ಹಾಕು ಅನ್ನಿ, ಹಾಕ್ತೀನಿ. ಆ ನಾಲ್ಕು ದಿನದ ಬಗ್ಗೆ ನನ್ನನ್ನ ಏನೋ ಕೇಳಬೇಕು ಅಂತ ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದೀರಲ್ಲ, ಅದನ್ನೂ ಕೇಳಿ. ಈ ಸಲ ಮಾತು ಬಿಡಬೇಡಿ.

ಇಂತಿ ನಿಮ್ಮ,
(ಏನಂತ ಬರೆಯಲಿ, ನಿಮಗೆ ಗೊತ್ತು)


ಆಗಸ್ಟ್ 16

ಇವಳೇ,

ಹತ್ತೊಂಬತ್ತು ದಿನ ಆಯಿತು ನೀನು ಪತ್ರ ಬರೆದು. ಐದು ಸಲ ಉತ್ತರ ಬರೆದೆ, ಐದು ಸಲ ಹರಿದೆ. ಹರಿದದ್ದರಲ್ಲೆಲ್ಲ ‘ಇನ್ನು ಸ್ವಲ್ಪ ದಿನ ಇರು’ ಅಂತ ಬರೆದಿದ್ದೆ. ನಾಚಿಕೆ ಬಿಟ್ಟು ಒಪ್ಪಿಕೊಳ್ತಿದ್ದೀನಿ. ನಿನ್ನ ಅಕ್ಷರ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಮಗಳು ನೆನಪಾಗೋಕೆ ಅರ್ಧ ದಿನ ಹಿಡಿಯಿತು. ಎಂಥಾ ಅಪ್ಪ ನಾನು! ಹತ್ತೊಂಬತ್ತು ದಿನ ನನ್ನ ಆಸೆಗೆ ಅವಳನ್ನ ಮಲಗಿಸಿಟ್ಟೆ.

ನಿನ್ನೆ ಅವಳ ಅತ್ತೆ ‘ಹುಡುಗಿ ಫೋನೇ ಎತ್ತುತ್ತಿಲ್ಲ, ಎತ್ತಿದರೂ ನನ್ನನ್ನ ನಾದಿನಿ ಅಂತ ಕರೀತಾಳೆ, ಇದೇನು ಹೊಸ ಕುಚೇಷ್ಟೆ’ ಅಂತ ಗೊಣಗಿದಳು. ಆಗ ಎದ್ದೆ.

ಅವಳಿಗೆ ಇಪ್ಪತ್ತಾರು. ಸಿಡುಕೋಕೆ ಇನ್ನೂ ಎಷ್ಟು ವರ್ಷ ಇದೆ ಅವಳಿಗೆ. ನೀನು ತಾಯಿ, ನಿನಗೆ ಕೈ ಬರ್ತಿಲ್ಲ, ನನಗೆ ಅರ್ಥವಾಗುತ್ತೆ. ಅದಕ್ಕೇ ಈ ಪಾಪ ನನ್ನ ತಲೆ ಮೇಲಿರಲಿ. ಒಂಬತ್ತು ಹಾಕು.

ಅವಳು ನಿನ್ನನ್ನ ಮರೆತರೂ ಬದುಕಿರ್ತಾಳೆ. ಅಷ್ಟು ಸಾಕು ನನಗೆ, ನಿನಗೂ ಅಷ್ಟೇ ಸಾಕು ಅಂತ ಬಲ್ಲೆ.

ಕೇಳಬೇಕಾಗಿದ್ದು ಒಂದಿತ್ತು, ನಿಜ. ಕೇಳಲ್ಲ. ಕೇಳಿದರೆ ನೀನು ಉತ್ತರ ಬರೀತೀಯ, ಆ ಉತ್ತರಕ್ಕೆ ನಾನು ಇನ್ನೊಂದು ಬರೀತೀನಿ, ಅಷ್ಟರಲ್ಲಿ ಮಗು ಕೈತಪ್ಪಿ ಹೋಗುತ್ತೆ. ನನ್ನ ಬುದ್ಧಿ ನನಗೆ ಗೊತ್ತು. ಈ ಪತ್ರ ಓದಿ ಮುಗಿಸಿದ ಕೂಡಲೇ ಎದ್ದು ಹಾಕು. ನನಗೆ ಬರೆಯಬೇಡ.

ಹೋಗಿ ಬಾ ಅನ್ನೋ ಹಾಗಿಲ್ಲ. ಹೋಗು, ಬಂಗಾರ.

ನಿನ್ನ ಊದುಗೊಳವೆ


ಆಗಸ್ಟ್ 25

ಅಪ್ಪಾ,

ಬದುಕಿದ್ದೀಯಾ? ಅತ್ತೆ ಫೋನಲ್ಲಿ ಒಂದು ಗಂಟೆ ಬೈದಳು, ನಾನು ಪತ್ರ ಬರೆಯದೆ ಎಷ್ಟೋ ದಿನ ಆಯಿತಂತೆ. ನಿಜವಾಗಲೂ ನನಗೆ ದಿನ ಹೋದದ್ದೇ ತಿಳಿದಿಲ್ಲ. ದೊಡ್ಡ ಜ್ವರ ಬಂದು ಬಿಟ್ಟ ಹಾಗಿದೆ. ಎದ್ದ ದಿನ ಭಯಂಕರ ಹಸಿವು, ಕ್ಯಾಂಟೀನಲ್ಲಿ ಎರಡು ತಟ್ಟೆ ಊಟ ಮುಗಿಸಿದೆ. ನಿನ್ನ ಮಂಡಿ ಹೇಗಿದೆ? ಮತ್ತೆ ಮೆಟ್ಟಿಲು ಹತ್ತಿದರೆ ನಾನೇ ಬಂದು ಕೋಲು ಕಿತ್ತುಕೊಳ್ತೀನಿ.

ಒಳ್ಳೆ ಸುದ್ದಿ ಇದೆ. ಮೇಜಿನ ಮೇಲೆ ಒಂದು ನೀಲಿ ಟ್ಯೂಬು ಇತ್ತು, ಕಿತ್ತಳೆ ಸಿಪ್ಪೆ ವಾಸನೆ. ಒಂಬತ್ತು ಕೊಂಡಿಯ ಆಲ್ಕೋಹಾಲು. ನಾನೇ ಹಾಕಿರಬೇಕು, ನೆನಪಿಲ್ಲ. ಪರೀಕ್ಷೆ ಮಾಡಿದೆ. ಪೊರೆ ಎಷ್ಟು ಬೇಕೋ ಅಷ್ಟೇ ಬಾಗುತ್ತೆ, ಹನಿ ಹನಿಗೆ ತಗುಲಿದರೂ ಒಂದು ಚೂರು ಆಚೆ ಹೋಗಲ್ಲ. ಎರಡು ವಾರ ಅಲ್ಲ, ಎರಡು ವರ್ಷ ಇಟ್ಟರೂ ಔಷಧಿ ಅಲುಗಲ್ಲ. ದೊಡ್ಡ ಸಾಹೇಬರು ಬಂದು ಬೆನ್ನು ತಟ್ಟಿದರು, ಅವರು ಬೆನ್ನು ತಟ್ಟೋದು ಅಂದರೆ ಊರಿಗೇ ಹಬ್ಬ!

ಆದರೆ ಶ್ರೇಯಸ್ಸು ನನ್ನದಲ್ಲ. ಇಲ್ಲೊಂದು ಹಳೇ ನೋಟ್‌ಬುಕ್ ಇದೆ, ಎಲ್ಲ ಅದರಲ್ಲೇ ಬರೆದಿದೆ. ಕನ್ನಡ ಅಂಕಿ, ಎಂಥಾ ದುಂಡಗಿನ ಅಕ್ಷರ! ಯಾರೋ ತುಂಬಾ ಒಳ್ಳೆ ಕೆಲಸಗಾರರು. ಅಟೆಂಡರ್ ಅಜ್ಜನನ್ನ ಕೇಳಿದೆ, ಇದು ಯಾರದು ಅಂತ. ‘ನಿಮ್ಮ ತಾಯಿಯದಲ್ವಾ ಮೇಡಂ’ ಅಂತ ಅಳೋಕೆ ಶುರು ಮಾಡಿದರು. ‘ಇಲ್ಲ ಅಜ್ಜ, ನನಗೆ ಅಮ್ಮ ಅಂತ ಯಾರೂ ಇರಲಿಲ್ಲ, ನಮ್ಮಪ್ಪನೇ ಎರಡೂ’ ಅಂದೆ. ವಯಸ್ಸಾದವರು, ಏನೋ ಗೊಂದಲ ಮಾಡಿಕೊಂಡಿದ್ದಾರೆ.

ಆದರೂ ಆಗಿನಿಂದ ಒಂಥರಾ ಆಗ್ತಿದೆ. ಹಾಲು ಕುಡಿಸಿದ್ದು ಯಾರು, ಸ್ಕೂಲಿಗೆ ಜಡೆ ಹಾಕಿದ್ದು ಯಾರು ಅಂತ ಯೋಚಿಸಿದರೆ ಕೈ ಕಾಣುತ್ತೆ, ಅದರ ಮೇಲೆ ಮುಖ ಇಲ್ಲ.

ಇರಲಿಲ್ಲ ತಾನೆ, ಅಪ್ಪಾ?

ನಿನ್ನ,
ಸಿಡುಕಿ


ಆಗಸ್ಟ್ 30

ಸಿಡುಕಿ,

ಇದ್ದಳು.

ಹದಿನೈದು ವರ್ಷ ಇದ್ದಳು. ಜಡೆ ಬಿಗಿಯಾಗಿ ಹಾಕ್ತಾಳೆ ಅಂತ ನೀನು ದಿನಾ ಬೆಳಿಗ್ಗೆ ಕಿರುಚುತ್ತಿದ್ದೆ. ಒಂದು ಸಲ ಬೆನ್ನಿಗೆ ಬಾರಿಸಿದ್ದಳು, ಆಮೇಲೆ ಅವಳೇ ಹೋಗಿ ಬಚ್ಚಲಲ್ಲಿ ಅತ್ತಳು. ನಿನಗೆ ಸಿಡುಕಿ ಅಂತ ಹೆಸರಿಟ್ಟಿದ್ದೂ ಅವಳೇ, ನಾನಲ್ಲ.

ಇದು ಪತ್ರದಲ್ಲಿ ಬರೆದು ಮುಗಿಯೋ ಮಾತಲ್ಲ. ನಿನಗೆ ಗೊತ್ತಿದ್ದದ್ದನ್ನೆಲ್ಲ ಇನ್ನು ನಾನೇ ಹೇಳಬೇಕು, ಬೇರೆ ಯಾರಿಗೂ ಅಷ್ಟೆಲ್ಲ ಗೊತ್ತಿಲ್ಲ. ನನಗೂ ವಯಸ್ಸಾಯಿತು, ತಡ ಮಾಡೋ ಹಾಗಿಲ್ಲ. ಟಿಕೆಟ್ ತೆಗೆಸಿದ್ದೀನಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸ್ಟೇಷನ್‌ಗೆ ಬಾ. ನೀನು ಹುಟ್ಟಿದ ದಿನದಿಂದ ಶುರು ಮಾಡ್ತೀನಿ.

ಅಪ್ಪ